ಅಮ್ಮ ಹುಟ್ಟಿದ ರಿಜಿಸ್ಟರ್ ಎಲ್ಲಿ ಹೋಯ್ತು?

ಲಂಡನ್ನಿನ ಸ್ಮಿತ್‌ಫೀಲ್ಡ್ ಹತ್ತಿರ ನನ್ನ ಆಫೀಸು. ದಿನಾ ಸೇಂಟ್ ಬಾರ್ಥಲೋಮ್ಯೂಸ್ ಆಸ್ಪತ್ರೆಯ ಮುಂದೆಯೇ ಹಾದು ಹೋಗುತ್ತೇನೆ. ಇಲ್ಲಿನವರು ಸುಮ್ನೆ ‘ಬಾರ್ಟ್ಸ್’ ಅನ್ನುತ್ತಾರೆ. 1123ರಲ್ಲಿ ರಾಹಿಯರ್ ಎಂಬಾತ ಶುರು ಮಾಡಿದ ಆಸ್ಪತ್ರೆ. ಅದೇ ಜಾಗದಲ್ಲಿ ಇವತ್ತೂ ರೋಗಿಗಳು ಬಂದು ಹೋಗುತ್ತಾರೆ. ಆಸ್ಪತ್ರೆ ಹಳೆಯದು ಅಂತ ಗೊತ್ತಿತ್ತು. ಅದರ ದಫ್ತರದಲ್ಲಿ 1137ರ ಪತ್ರವೊಂದು ಇನ್ನೂ ಇದೆ ಅಂತ ಗೊತ್ತಾದಾಗ ಮಾತ್ರ ನಿಂತುಬಿಟ್ಟೆ.

ಅಷ್ಟು ಕಾಲ ಕಾಗದ ಉಳಿದಿದ್ದು ಹೇಗೆ? ಆಸ್ಪತ್ರೆ ನಡೆಯುತ್ತಿದ್ದುದೇ ಜಮೀನು, ಮನೆಗಳ ಬಾಡಿಗೆಯಿಂದ. ಪತ್ರ ಹೋದರೆ ಆಸ್ತಿಯೂ ಹೋದಂತೆ. 15ನೇ ಶತಮಾನದಲ್ಲಿ ಜಾನ್ ಕಾಕ್ ಎಂಬ ಸನ್ಯಾಸಿ ಆ ಪತ್ರಗಳನ್ನೆಲ್ಲ ಒಂದು ದೊಡ್ಡ ಪುಸ್ತಕಕ್ಕೆ ನಕಲು ಮಾಡಿದ. ಬಾಡಿಗೆ ವಸೂಲಿಯೂ ಅವನದೇ. ನಮ್ಮ ಶಾನುಭೋಗರ ಕೆಲಸ ಅನ್ನಿ. ಆಸ್ತಿಗಾಗಿ ಬಂದ ಅಭ್ಯಾಸ ನಿಧಾನವಾಗಿ ರೋಗಿಗಳ ಕಾಗದಕ್ಕೂ ಹಬ್ಬಿತು.

ಇದೇ ಊರಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 1852ರಲ್ಲಿ ಬರೀ 10 ಹಾಸಿಗೆಯಿಂದ ಶುರುವಾಯಿತು. ಅಂದಿನಿಂದ 1914ರವರೆಗಿನ ದಾಖಲಾತಿ ಪುಸ್ತಕಗಳನ್ನು ಸ್ವಯಂಸೇವಕರು ಕೂತು ಕಂಪ್ಯೂಟರಿಗೆ ಹಾಕಿದರು. ಮಗುವಿನ ಹೆಸರು, ವಯಸ್ಸು, ಮನೆ ಇದ್ದ ಬೀದಿ, ಕಾಯಿಲೆ, ಎಷ್ಟು ದಿನ ಇತ್ತು, ವಾಸಿಯಾಯಿತಾ ಇಲ್ಲವಾ. ಯಾರು ಬೇಕಾದರೂ ತಮ್ಮ ಮುತ್ತಜ್ಜನನ್ನು ಹುಡುಕಬಹುದು. ರೋಗಿಯ ಕಾಗದವನ್ನು ಇಲ್ಲಿ ಸಾಮಾನ್ಯವಾಗಿ 100 ವರ್ಷ ಮುಚ್ಚಿಡುತ್ತಾರೆ. ಬದುಕಿರುವವರ ಗುಟ್ಟು ರಟ್ಟಾಗಬಾರದು, ಅಲ್ವಾ? ಆ ಪದ್ಧತಿ ನನಗೆ ತುಂಬಾ ಹಿಡಿಸಿತು.

ಇದನ್ನೆಲ್ಲ ನೋಡಿದ ಮೇಲೆ ನನಗೂ ಒಂದು ಆಸೆ ಹುಟ್ಟಿತು. ಅಮ್ಮ ಹುಟ್ಟಿದ್ದು 1958ರಲ್ಲಿ, ನಮ್ಮ ಜಿಲ್ಲೆಯ ಒಂದು ಹಳೇ ಆಸ್ಪತ್ರೆಯಲ್ಲಿ. ಆ ದಿನದ ಹೆರಿಗೆ ರಿಜಿಸ್ಟರಿನ ಹಾಳೆಯನ್ನು ಅವಳಿಗೆ ಒಮ್ಮೆ ತೋರಿಸಬೇಕು ಅಂದುಕೊಂಡೆ. ಕಳೆದ ಸಲ ಊರಿಗೆ ಹೋದಾಗ ವಿಚಾರಿಸಿದೆ.

‘ಅದೆಲ್ಲ ಯಾವಾಗಲೋ ರದ್ದಿಗೆ ಹೋಯ್ತು ಸಾರ್. ಇಡೋಕೆ ಜಾಗ ಎಲ್ಲಿದೆ?’ ಅಂದರು ಗುಮಾಸ್ತರು. ಪಾಪ, ಒಳ್ಳೆಯವರು. ಬೀಗ ತೆಗೆದು ರೂಮು ತೋರಿಸಿದರು. ಮುರಿದ ಸ್ಟ್ರೆಚರ್, ತುಕ್ಕು ಹಿಡಿದ ಡ್ರಿಪ್ ಸ್ಟ್ಯಾಂಡು. ಮೂಲೆಯಲ್ಲಿ ಮೂರು ರಿಜಿಸ್ಟರ್ ಉಳಿದಿದ್ದವು. ಮೇಲಿನದು 1971ರದ್ದು. ರಟ್ಟು ಮುಟ್ಟಿದರೆ ಪುಡಿ, ಅಂಚಿಗೆಲ್ಲ ಗೆದ್ದಲು. ಒಳಗೆ ನೀಲಿ ಶಾಯಿ ಮಾತ್ರ ನಿನ್ನೆ ಬರೆದ ಹಾಗಿತ್ತು. ಎಲ್ಲ ಕಾಲಮ್ಮಿನಲ್ಲೂ ಇಂಗ್ಲಿಷು. ಒಂದೇ ಒಂದು ಕಡೆ, ಷರಾದಲ್ಲಿ, ಕನ್ನಡ: ‘ಗಾಡಿಯಲ್ಲಿ ಬರುವಾಗ ದಾರಿಯಲ್ಲೇ ಹೆರಿಗೆ. ಹಳ್ಳ ತುಂಬಿತ್ತು.’

ಮಳೆಗಾಲ, ಎತ್ತಿನ ಗಾಡಿ, ಸೇತುವೆ ಇಲ್ಲದ ಹಳ್ಳ, ನೋವು ತಿನ್ನುತ್ತಿರುವ ಹೆಂಗಸು. ಅದನ್ನು ಬರೆದಿಡಬೇಕು ಅಂತ ಯಾರಿಗೋ ಅನಿಸಿದೆ. ಆ ಊರಿನ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವ ಕಾಗದ ನಾನು ನೋಡಿಲ್ಲ. ಇನ್ನೆರಡು ಮಳೆಗಾಲ ಕಳೆದರೆ ಅದೂ ಮಣ್ಣು.

ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು ಅನ್ನುತ್ತವೆ ನಮ್ಮ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು. ಅದು ಚಿಕಿತ್ಸೆಯ ಲೆಕ್ಕಕ್ಕೆ ಸರಿ. ಆಮೇಲೆ ಆ ಕಾಗದ ಏನಾಗಬೇಕು? ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಯ ಕಾಗದ 1958ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಕೆಳಗೆ ಬರುತ್ತದೆ. ಎಲ್ಲವನ್ನೂ ಇಡುವುದಿಲ್ಲ. ಆದರೆ ಯಾವುದನ್ನು ಇಡಬೇಕು ಅಂತ ನೋಡಿಯೇ ಉಳಿದದ್ದನ್ನು ಬಿಸಾಕುತ್ತಾರೆ.

ಇಲ್ಲಿ ದುಡ್ಡಿದೆ, ಅದಕ್ಕೆಂದೇ ಓದಿದ ಜನ ಇದ್ದಾರೆ. ನಮ್ಮಲ್ಲಿ ಹೊರರೋಗಿಗಳ ಸಾಲು ಗೇಟಿನ ತನಕ ಬಂದಿರುತ್ತದೆ, ನಿಜ. ಆದರೂ ನಮ್ಮಿಂದ ಆಗಲ್ಲ ಅಂತ ನಾನು ಒಪ್ಪುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ನೋಡಿ. ಹಿಂದಿನ ಮಾನಸಿಕ ಆಸ್ಪತ್ರೆಯ ಕಾಲದ ಕೇಸ್ ಫೈಲುಗಳನ್ನು ಉಳಿಸಿಕೊಂಡಿದ್ದರಿಂದಲೇ ಅಲ್ಲಿನ ವೈದ್ಯರು ಅವನ್ನು ಓದಿ ಇತಿಹಾಸ ಬರೆಯಲು ಆಯಿತು. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು, 1900ರಲ್ಲಿ ವೈಸ್‌ರಾಯ್ ಕರ್ಜನ್ ಕೈಯಿಂದ ಉದ್ಘಾಟನೆ ಅಂತ ಎಷ್ಟೋ ಜನ ಬಾಯಿಪಾಠ ಹೇಳುತ್ತಾರೆ. ನನಗೆ ಬೇಕಾಗಿರುವುದು ಆಮೇಲಿನ ಕತೆ. ಪ್ಲೇಗಿನ ಆ ವರ್ಷಗಳಲ್ಲಿ ಯಾವ ಪೇಟೆಯಿಂದ ಯಾರು ಬಂದರು, ಎಷ್ಟು ಜನ ಮನೆಗೆ ವಾಪಸ್ ಹೋದರು?

ಪ್ರತಿ ಹಳೇ ಆಸ್ಪತ್ರೆಗೂ ಸೋರದ ಒಂದು ರೂಮು, ಎರಡು ಕಬ್ಬಿಣದ ಬೀರು, ಜವಾಬ್ದಾರಿ ಹೊತ್ತ ಒಬ್ಬ ಮನುಷ್ಯ ಸಾಕು. ರೋಗಿಗಳ ಹೆಸರು ಗುಟ್ಟಾಗಿಯೇ ಇರಲಿ. ಹಳೇ ಫೋಟೊ, ಕಾಂಪೌಂಡರ್ ಪುಸ್ತಕ, ಊಟದ ಪಟ್ಟಿ ಇಂಥವನ್ನು ಜನ ಕಾಯುತ್ತಾ ಕೂರುವ ಹಜಾರದಲ್ಲೇ ಗಾಜಿನ ಪೆಟ್ಟಿಗೆಯಲ್ಲಿಡಿ. ನಿವೃತ್ತರಾದ ನರ್ಸುಗಳನ್ನು ಕರೆದು ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ. ಈ ಕೆಲಸವನ್ನು ಮಾತ್ರ ಮುಂದೂಡುವಂತಿಲ್ಲ. ಅವರಿಗೆ ವಯಸ್ಸಾಗುತ್ತಿದೆ.

ಊರಿನ ಆಸ್ಪತ್ರೆಯ ವೈದ್ಯಾಧಿಕಾರಿ ಆ ಮೂರು ರಿಜಿಸ್ಟರನ್ನು ಸ್ಕ್ಯಾನ್ ಮಾಡಲು ಒಪ್ಪಿದ್ದಾರೆ. ಡಿಸೆಂಬರಿನಲ್ಲಿ ರಜೆ ಹಾಕಿ ಹೋಗುತ್ತಿದ್ದೇನೆ. ಹೆಸರು ಮುಚ್ಚಿ, ಷರಾದ ಆ ಸಾಲಿನ ಫೋಟೊವನ್ನಷ್ಟೇ ಅಲ್ಲಿ ಕೆಲಸ ಮಾಡಿದ್ದ ಹಿರಿಯ ನರ್ಸಮ್ಮನಿಗೆ ಕಳಿಸಿದ್ದೆ. ಐದೇ ನಿಮಿಷಕ್ಕೆ ಫೋನ್ ಬಂತು. ‘ಇದು ನಮ್ಮ ಹೆಡ್ ಸಿಸ್ಟರ್ ಅಕ್ಷರ ಕಣಪ್ಪಾ. ಆ ರಾತ್ರಿ ಲಾಟೀನು ಹಿಡ್ಕೊಂಡು ಗಾಡಿ ಹತ್ರ ಓಡಿದ್ದು ನಾನೇ.’