ಪರ–ವಿರೋಧ: ವೈದ್ಯಕೀಯ ಅಧ್ಯಯನಗಳಲ್ಲಿ 0.05ರ ಗೆರೆಯನ್ನು ಕೈಬಿಡಬೇಕೇ?

ಪರ: ಒಬ್ಬ ರೋಗಿಯಿಂದ ತೀರ್ಪು ಬದಲಾಗಬಾರದು

ಕ್ಯಾಲ್ಕುಲೇಟರ್ ಹತ್ತಿರ ಇದ್ದರೆ ಈ ಲೆಕ್ಕವನ್ನು ನೀವೂ ಮಾಡಿ ನೋಡಿ. ಹಳೆಯ ಔಷಧ ತೆಗೆದುಕೊಂಡ 100 ಜನರಲ್ಲಿ 20 ಮಂದಿ, ಹೊಸದು ತೆಗೆದುಕೊಂಡ 100 ಜನರಲ್ಲಿ 10 ಮಂದಿ ತೀರಿಕೊಂಡರು ಎಂದಿಟ್ಟುಕೊಳ್ಳಿ. ಎರಡು ಪ್ರಮಾಣಗಳನ್ನು ಹೋಲಿಸುವ ಕೈ-ಸ್ಕ್ವೇರ್ ಪರೀಕ್ಷೆ ಹಾಕಿದರೆ ಪಿ ವ್ಯಾಲ್ಯೂ (ಔಷಧಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) 0.048 ಬರುತ್ತದೆ. ರೂಢಿಯ ಗೆರೆಯಾದ 0.05ಕ್ಕಿಂತ ಕಡಿಮೆ, ಹಾಗಾಗಿ ‘ಸಿಗ್ನಿಫಿಕೆಂಟ್’, ಅಂದರೆ ಬರೀ ಆಕಸ್ಮಿಕವೆಂದು ತಳ್ಳಿಹಾಕಲಾಗದ್ದು. ಹೊಸ ಔಷಧ ಗೆದ್ದಿತು.

ಈಗ ಆ ಗುಂಪಿನಲ್ಲಿ ಇನ್ನೊಬ್ಬರು ತೀರಿಕೊಂಡರು. 10 ಇದ್ದದ್ದು 11 ಆಯಿತು. ಪಿ ವ್ಯಾಲ್ಯೂ 0.079ಕ್ಕೆ ಏರುತ್ತದೆ. ಔಷಧ ಸೋತಿತು. ಆ ಒಬ್ಬರು ಯಾರು? ಆರನೇ ತಿಂಗಳ ತಪಾಸಣೆಗೆ ಬಾರದೆ, ಫೋನ್ ಸ್ವಿಚ್ ಆಫ್ ಆಗಿ, ಬದುಕಿದ್ದಾರೋ ಇಲ್ಲವೋ ತಿಳಿಯದೆ ಉಳಿದ ಒಬ್ಬ ರೋಗಿ ಆಗಿರಬಹುದು. ಅಂಥವರು ಇಲ್ಲದ ಅಧ್ಯಯನವೇ ಅಪರೂಪ. ಅವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ ಎನ್ನುವುದರ ಮೇಲೆ ಒಂದು ಔಷಧದ ಹಣೆಬರಹ ನಿಲ್ಲಬೇಕೇ?

ರೋಗಿ ಬದಲಾಗದಿದ್ದರೂ ತೀರ್ಪು ಬದಲಾಗಬಹುದು. ಎರಡು ಔಷಧ, ಸಾವು–ಬದುಕು ಎಂಬ 2×2 ಕೋಷ್ಟಕವನ್ನು ಅಂಕಿಅಂಶದ ಸಾಫ್ಟ್‌ವೇರ್ ಆದ ಎಸ್‌ಪಿಎಸ್‌ಎಸ್‌ಗೆ ಹಾಕಿದರೆ ಪಿಯರ್ಸನ್ ಸಾಲು (ಮೇಲಿನ ಕೈ-ಸ್ಕ್ವೇರ್) ಒಂದು ಅಂಕಿ ಕೊಡುತ್ತದೆ, ಅದರ ಕೆಳಗಿನ ಕಂಟಿನ್ಯೂಯಿಟಿ ಕರೆಕ್ಷನ್ ಸಾಲು (ಅದೇ ಪರೀಕ್ಷೆಯ ಇನ್ನಷ್ಟು ಬಿಗಿಯಾದ ರೂಪ) ಇನ್ನೊಂದು ಕೊಡುತ್ತದೆ. ಮೊದಲಿನ ಅದೇ 20 ಮತ್ತು 10ಕ್ಕೆ ಎರಡನೇ ಸಾಲಿನ ಉತ್ತರ 0.075. ಯಾವ ಸಾಲನ್ನು ಥೀಸಿಸ್‌ಗೆ ಇಳಿಸಬೇಕು ಎಂದು ಮೊದಲೇ ಬರೆದಿಡದವರು ಯಾವುದನ್ನು ಇಳಿಸುತ್ತಾರೆಂದು ಹೇಳಬೇಕಾಗಿಲ್ಲ.

ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ನೋಡಿದರೆ ಚಿತ್ರ ನಿಚ್ಚಳವಾಗುತ್ತದೆ. ಮೊದಲ ಲೆಕ್ಕದಲ್ಲಿ ಸಾವಿನ ಪ್ರಮಾಣದ ವ್ಯತ್ಯಾಸ ನೂರಕ್ಕೆ 10, ಅದರ 95% ವ್ಯಾಪ್ತಿ 0.2ರಿಂದ 19.8. ಎರಡನೆಯದರಲ್ಲಿ ವ್ಯತ್ಯಾಸ 9, ವ್ಯಾಪ್ತಿ ಸೊನ್ನೆಗಿಂತ 1 ಕೆಳಗಿನಿಂದ 19ರವರೆಗೆ. ಎರಡೂ ಹೇಳುವುದು ಒಂದೇ: ಲಾಭ ದೊಡ್ಡದಿರಬಹುದು, ಏನೂ ಇಲ್ಲದಿರಲೂಬಹುದು, ಇನ್ನಷ್ಟು ರೋಗಿಗಳು ಬೇಕು. ಒಂದಕ್ಕೆ ಹಾರ ಹಾಕಿ ಇನ್ನೊಂದನ್ನು ಕಸದ ಬುಟ್ಟಿಗೆ ಹಾಕುವುದು ಆ ಗೆರೆ ಒಂದೇ.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ಗುಂಪಿಗೆ 5,000 ಜನರಂತೆ ರಕ್ತದೊತ್ತಡ ಅಳೆದು, ಸ್ಟ್ಯಾಂಡರ್ಡ್ ಡೀವಿಯೇಷನ್ (ಒಬ್ಬರಿಂದೊಬ್ಬರಿಗೆ ಇರುವ ಏರುಪೇರಿನ ಅಳತೆ) 15 ಇದ್ದರೆ, ಬರೀ 1 ಮಿ.ಮೀ. ವ್ಯತ್ಯಾಸಕ್ಕೂ ಪಿ ವ್ಯಾಲ್ಯೂ 0.0009 ಬರುತ್ತದೆ. ಎದುರು ಕೂತ ರೋಗಿಗೆ ಆ ಒಂದು ಮಿ.ಮೀ.ನಿಂದ ಏನಾಗಬೇಕು? ಪಟ್ಟಿಯನ್ನು ತೋಳಿಗೆ ಕೊಂಚ ಸಡಿಲವಾಗಿ ಸುತ್ತಿದರೆ ಅದಕ್ಕಿಂತ ಹೆಚ್ಚು ಏರುಪೇರಾಗುತ್ತದೆ.

20ರಲ್ಲಿ 1 ಎಂಬ ಈ ಗೆರೆ ಆಕಾಶದಿಂದ ಇಳಿದದ್ದಲ್ಲ. ರಾಥಮ್‌ಸ್ಟೆಡ್‌ನ ಕೃಷಿ ಪ್ರಯೋಗ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1925ರಲ್ಲಿ ಅದನ್ನು ಅನುಕೂಲಕ್ಕೆಂದು ಸೂಚಿಸಿದರು. ಗೆರೆ ದಾಟಿತೋ ಇಲ್ಲವೋ ಎಂಬುದೊಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು, ಪಿ ವ್ಯಾಲ್ಯೂ ಎಂದರೆ ಊಹೆ ನಿಜವಾಗಿರುವ ಸಂಭವವಲ್ಲ ಎಂದು ಅಮೆರಿಕನ್ ಸ್ಟಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಹೇಳಿತು. ಆದರೂ ‘ಪಿ 0.05ಕ್ಕಿಂತ ಹೆಚ್ಚು, ಆದ್ದರಿಂದ ಎರಡೂ ಚಿಕಿತ್ಸೆ ಸಮ’ ಎಂಬ ವಾಕ್ಯ ಥೀಸಿಸ್‌ಗಳಲ್ಲಿ ಇಂದಿಗೂ ರಾರಾಜಿಸುತ್ತಿದೆ. ಸಮ ಎಂದು ತೋರಿಸಲು ಬೇರೆಯದೇ ವಿನ್ಯಾಸ ಬೇಕು. ಎಷ್ಟರವರೆಗಿನ ವ್ಯತ್ಯಾಸವನ್ನು ಸಮ ಎನ್ನುತ್ತೀರೆಂದು ಮೊದಲೇ ಹೇಳಿರಬೇಕು.

ಗೆರೆಯ ಜಾಗದಲ್ಲಿ ಏನು ಬರೆಯಬೇಕು? ವ್ಯತ್ಯಾಸ ಎಷ್ಟು, ವ್ಯಾಪ್ತಿ ಎಲ್ಲಿಂದ ಎಲ್ಲಿಗೆ, ಎಷ್ಟು ರೋಗಿಗಳು ಕೈತಪ್ಪಿದರು, ಒಬ್ಬ ರೋಗಿಯನ್ನು ಉಳಿಸಲು ಎಷ್ಟು ಜನರಿಗೆ ಔಷಧ ಕೊಡಬೇಕು (ಮೇಲಿನ ಮೊದಲ ಲೆಕ್ಕದಲ್ಲಿ 10). ಪಿ ವ್ಯಾಲ್ಯೂವನ್ನೂ ಬರೆಯಿರಿ, ಬೇಡವೆಂದವರಾರು? 0.048 ಆದರೆ 0.048 ಎಂದೇ ಬರೆಯಿರಿ. ಕಂಪ್ಯೂಟರ್ ‘.000’ ತೋರಿಸಿದರೆ ಅದನ್ನು ಸೊನ್ನೆ ಎಂದು ಇಳಿಸಬೇಡಿ, ‘0.001ಕ್ಕಿಂತ ಕಡಿಮೆ’ ಎನ್ನಿ. ಪಕ್ಕದಲ್ಲಿ ‘ಸಿಗ್ನಿಫಿಕೆಂಟ್’ ಎಂಬುದರ ಗುರುತಾದ ನಕ್ಷತ್ರ ಚಿಹ್ನೆ ಮಾತ್ರ ಹಾಕಬೇಡಿ. ಗೆರೆ ಹೋದರೆ ಎಲ್ಲರೂ ಮನಸ್ಸಿಗೆ ಬಂದಂತೆ ಬರೆಯುತ್ತಾರೆ ಎಂದು ಹೆದರುವವರು, ಗೆರೆ ಇದ್ದಾಗ ಬರೆಯುತ್ತಿರುವುದನ್ನು ಒಮ್ಮೆ ಓದಲಿ.

ವಿರೋಧ: ಗೆರೆ ಇರಲಿ, ಮೊದಲೇ ಎಳೆದಿರಲಿ

ಈ ಪಕ್ಷ ವಹಿಸಲು ಕೇಳಿಕೊಂಡದ್ದರಿಂದ ಬರೆಯುತ್ತಿದ್ದೇನೆ. ಇಂಟರ್ವಲ್ ಕೊಡಬೇಕೆಂಬ ಮಾತಿಗೆ ತಕರಾರಿಲ್ಲ. ಆದರೆ 20 ಮತ್ತು 10ರ ಆ ಲೆಕ್ಕದಲ್ಲಿ ತಪ್ಪು ಗೆರೆಯದಲ್ಲ, 100ರದ್ದು. ಸಾವು 20%ನಿಂದ 10%ಗೆ ಇಳಿಯುವುದನ್ನು 80% ಪವರ್‌ನಲ್ಲಿ (ಆ ಇಳಿಕೆ ನಿಜವಾಗಿದ್ದರೆ ನೂರರಲ್ಲಿ 80 ಸಲ ಕಣ್ಣಿಗೆ ಬೀಳುವಂತೆ) ಹಿಡಿಯಬೇಕಾದರೆ 1.96 ಮತ್ತು 0.84 ಕೂಡಿಸಿ ವರ್ಗ ಮಾಡಿ, ಅಂದರೆ 7.84. ಅದನ್ನು 0.16 (0.2×0.8) ಮತ್ತು 0.09ರ (0.1×0.9) ಮೊತ್ತದಿಂದ ಗುಣಿಸಿ, 0.10ರ ವರ್ಗದಿಂದ ಭಾಗಿಸಿ: ಗುಂಪಿಗೆ 196. ನೂರಕ್ಕೆ 10 ಮಂದಿ ಕೈತಪ್ಪುತ್ತಾರೆಂದರೆ 218. ಅರ್ಧದಷ್ಟೇ ರೋಗಿಗಳನ್ನು ಸೇರಿಸಿಕೊಂಡು ಗೆರೆಯನ್ನು ಬೈದರೆ ಹೇಗೆ? ಈ ಸೂತ್ರದ 0.84 ಬರುವುದು 80% ಪವರ್‌ನಿಂದ, 1.96 ಬರುವುದೇ 0.05ರ ಗೆರೆಯಿಂದ. ಗೆರೆ ಅಳಿಸಿದ ಮೇಲೆ ಸ್ಯಾಂಪಲ್ ಸೈಜ್‌ಗೆ ಯಾವ ಸಂಖ್ಯೆ ಹಾಕುತ್ತೀರಿ, ಎಥಿಕ್ಸ್ ಸಮಿತಿಗೆ ಏನೆಂದು ಹೇಳುತ್ತೀರಿ?

ಗೆರೆ ಇರುವುದು ಸಂಶೋಧಕನ ಕೈ ಕಟ್ಟಿಹಾಕಲಿಕ್ಕೆ. ಪರಿಣಾಮವೇ ಇಲ್ಲದ ಔಷಧವನ್ನು 20 ಕಡೆ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎಲ್ಲೋ ಒಂದು ಕಡೆಯಾದರೂ ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗಿಳಿಯುವ ಸಂಭವ 64%. ಅಧ್ಯಯನ ನಡೆಯುತ್ತಿರುವಾಗಲೇ ಸಮಾನ ಅಂತರದಲ್ಲಿ ಐದು ಸಲ ಇಣುಕಿ ನೋಡಿದರೆ 5% ಇರಬೇಕಾದ ಸುಳ್ಳು ಗೆಲುವಿನ ಸಂಭವ ಸುಮಾರು 14% ಆಗುತ್ತದೆ. ಅದಕ್ಕೇ ನಡುವೆ ನೋಡುವಾಗ 0.001ರಂಥ ಬಿಗಿಯಾದ ಗೆರೆ ಹಾಕಿಕೊಳ್ಳುವುದು. ಇಂಟರ್ವಲ್ ಒಂದನ್ನೇ ನಂಬಿದರೆ ಐದು ಸಲದ ಇಣುಕಿಗೆ ಲಗಾಮು ಎಲ್ಲಿದೆ?

1988ರ ಐಸಿಸ್-2 ಅಧ್ಯಯನ ನೆನಪಿಸಿಕೊಳ್ಳಿ. ಹೃದಯಾಘಾತವಾದ 17,187 ರೋಗಿಗಳು. ಆಸ್ಪಿರಿನ್ ಪಡೆದವರಲ್ಲಿ ಐದು ವಾರದೊಳಗೆ ಹೃದಯ-ರಕ್ತನಾಳದ ಕಾರಣಕ್ಕೆ ಸತ್ತವರು 9.4%, ಪಡೆಯದವರಲ್ಲಿ 11.8%. ರೋಗಿಗಳನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿದಾಗ ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ತುಸು ಕೆಡುಕೇ ಆದಂತೆ ಕಂಡಿತು! ಉಪಗುಂಪುಗಳನ್ನು ನಂಬಬೇಡಿ ಎಂದು ಎಚ್ಚರಿಸಲೆಂದೇ ಆ ಸಂಶೋಧಕರು ಅದನ್ನು ಪ್ರಕಟಿಸಿದ್ದು. ಗೆರೆ ಬೇಡವೆನ್ನುವವರ ಕೈಗೆ ಇದೇ ದತ್ತಾಂಶ ಕೊಟ್ಟರೆ ತುಲಾ ರಾಶಿಯ ಮೇಲೂ ‘ಸೂಚನೆ ಇದೆ, ಇನ್ನಷ್ಟು ರೋಗಿಗಳು ಬೇಕು’ ಎಂದು ಒಂದು ಲೇಖನ ಬರೆದಾರು.

ಭಾರತದಲ್ಲಿ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ 2007ರಿಂದ ಇದೆ, 2009ರಿಂದ ನೋಂದಣಿ ಕಡ್ಡಾಯ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಮುಖ್ಯ ಫಲಿತಾಂಶ ಯಾವುದು, ಎಷ್ಟು ರೋಗಿಗಳು ಎಂದು ಅಲ್ಲಿ ನಮೂದಿಸಬೇಕು. ಯಾವ ಟೆಸ್ಟ್, ಎಸ್‌ಪಿಎಸ್‌ಎಸ್‌ನ ಯಾವ ಸಾಲು, ಕೈತಪ್ಪಿದ ರೋಗಿಯನ್ನು ಯಾವ ಲೆಕ್ಕಕ್ಕೆ ಹಾಕುವುದು ಎಂಬುದನ್ನೂ ಪ್ರೋಟೋಕಾಲ್‌ನಲ್ಲಿ ಅದೇ ದಿನ ಬರೆದಿಟ್ಟರೆ, 0.048 ಮತ್ತು 0.075ರ ನಡುವೆ ಆಯ್ಕೆ ಮಾಡುವ ಪ್ರಸಂಗವೇ ಬರುವುದಿಲ್ಲ.