ಒಂದು ಮನೆಗಿಂತ ಸ್ವಲ್ಪ ಕೆಳಗೆ

ನಲವತ್ತೈದು ನಿಮಿಷದ ಕೆಲಸ ಅಂತ ಬರೆದಿತ್ತು, ಹೊಸ ಸೈಲೆನ್ಸರಿನ ಪೆಟ್ಟಿಗೆಯೊಳಗಿನ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ. ನಾನು ಪಿಕಪ್ಪಿನ ಕೆಳಗೆ ನುಸುಳಿದ್ದು ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ, ಎರಡನೇ ಕಾಫಿ ಮುಗಿಸಿಕೊಂಡು. ಮಧ್ಯಾಹ್ನ ಎರಡಕ್ಕೆ ಹೆಂಡತಿ ಗರಾಜಿನ ಬಾಗಿಲಿಗೆ ಬಂದು, "ಊಟಕ್ಕೆ ಏಳ್ತೀರೋ, ಇಲ್ಲಾ ತಟ್ಟೇನ ಅಲ್ಲಿಗೇ ತಳ್ಳಲೋ?" ಅಂತ ಕೇಳಿದಾಗ ನಾನಿನ್ನೂ ಮೊದಲನೇ ನಟ್ಟಿನ ಹತ್ತಿರವೇ ಇದ್ದೆ.

ಆ ನಲವತ್ತೈದು ನಿಮಿಷ ಬರೆದ ಮಹಾನುಭಾವ ಯಾರೋ ಗೊತ್ತಿಲ್ಲ. ಎಲ್ಲಿಯವನು ಅಂತ ಮಾತ್ರ ಹೇಳಬಲ್ಲೆ. ಉಪ್ಪಿಲ್ಲದ ಊರಿನವನು. ವಿಡಿಯೊ ಮಾಡಿ ಹಾಕುವವರೂ ಹಾಗೇ, ಎಲ್ಲಾ ಅರಿಜೋನಾ ಕಡೆಯವರು. ಅವರ ಬೋಲ್ಟುಗಳು ಮದುವೆಮನೆಯ ಬೆಳ್ಳಿ ಲೋಟದ ಹಾಗೆ ಫಳಫಳ ಅನ್ನುತ್ತಿರುತ್ತವೆ. ಸ್ಪ್ಯಾನರ್ ತೋರಿಸಿದರೆ ಸಾಕು, ತಾವಾಗಿಯೇ ಸಡಿಲವಾಗಿ ಕೈಗೆ ಬೀಳುತ್ತವೆ. ನಾವಿರುವುದು ಮಿಶಿಗನ್ನಿನಲ್ಲಿ. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸಾವಿರ ಅಡಿಗೂ ಆಳದಲ್ಲಿ, ನೂರು ವರ್ಷಕ್ಕೂ ಹಳೆಯ ಉಪ್ಪಿನ ಗಣಿಯಿದೆ. ಅಲ್ಲಿಂದ ಮೇಲಕ್ಕೆತ್ತಿದ ಉಪ್ಪನ್ನು ಚಳಿಗಾಲ ಪೂರ್ತಿ ರಸ್ತೆಗೆ ಎರಚುತ್ತಾರೆ. ಹಿಮ ಕರಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ನೀರು ಗಾಡಿಯ ಹೊಟ್ಟೆಗೆ ರಾಚಿ ರಾಚಿ, ಹತ್ತು ವರ್ಷದಲ್ಲಿ ನಟ್ಟು ಯಾವುದು ಬೋಲ್ಟು ಯಾವುದು ಅನ್ನುವ ಭೇದವೇ ಅಳಿದು, ಎರಡೂ ಅದ್ವೈತಕ್ಕೆ ಸಂದಿರುತ್ತವೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ಇಲ್ಲಿ ಉಪ್ಪು ತಿಂದದ್ದು ಫೋರ್ಡ್ ಗಾಡಿ, ನೀರು ಕುಡಿದದ್ದು ನಾನು.

ಪಿಕಪ್ ನನಗೇಕೆ ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾಗಿದೆ. ಕನ್ನಡ ಕೂಟದಲ್ಲಿ ಮೊದಲ ಸಲ ನೋಡಿದವರು, "ಏನ್ ಸಾರ್, ಸಾಫ್ಟ್‌ವೇರ್ ಬಿಟ್ಟು ಗಾರೆ ಕೆಲಸ ಹಿಡಿದ್ರಾ?" ಅಂದಿದ್ದರು. ಈಗ ಪ್ರತಿ ಯುಗಾದಿಗೂ ರಾಜ್ಯೋತ್ಸವಕ್ಕೂ ಬಿಸಿಬೇಳೆಭಾತಿನ ಪಾತ್ರೆಗಳು, ಮೈಕು, ಭುವನೇಶ್ವರಿಯ ಕಟೌಟು, ಎಲ್ಲ ಸಾಗುವುದು ಅದೇ ಗಾಡಿಯಲ್ಲಿ. ಗಾರೆಯವನು ಅಂದ ಮನುಷ್ಯ ಮನೆ ಬದಲಾಯಿಸುವಾಗ ಸೋಫಾ ಸಾಗಿಸಲು ಫೋನ್ ಮಾಡಿದ್ದ. ಕೊಟ್ಟೆ. ಮರೆತಿಲ್ಲ.

ಆದರೆ ಪಿಕಪ್ ಬೇರೆ, ಅದಕ್ಕೆ ಏಳುನೂರ ನಲವತ್ತು ಡಾಲರ್ ಸುರಿದು, ಇರುವ ಸೈಲೆನ್ಸರ್ ಕಿತ್ತು, ಹೆಚ್ಚು ಸದ್ದು ಮಾಡುವ ಸೈಲೆನ್ಸರ್ ಹಾಕುವುದು ಬೇರೆ. ಈ ವಾಕ್ಯವನ್ನು ಇನ್ನೊಂದು ಸಲ ಓದಿ ನೋಡಿ. ಹೆಚ್ಚು ಸದ್ದು ಮಾಡುವ ಸೈಲೆನ್ಸರ್. ಇಲ್ಲಿಯವರು ಜಾಣರು, ಸೈಲೆನ್ಸರ್ ಅನ್ನುವುದಿಲ್ಲ, ಮಫ್ಲರ್ ಅನ್ನುತ್ತಾರೆ. ನನಗೋ ಮಫ್ಲರ್ ಅಂದರೆ ಡಿಸೆಂಬರಿನಲ್ಲಿ ಕುಕ್ಕರಹಳ್ಳಿ ಕೆರೆಯ ಸುತ್ತ ಕಿವಿ ಮುಚ್ಚುವಂತೆ ಸುತ್ತಿಕೊಂಡು ವಾಕಿಂಗ್ ಹೊರಡುತ್ತಿದ್ದ ಸೋದರಮಾವನೇ ಕಣ್ಣ ಮುಂದೆ ಬರುವುದು. ಜನ ಸದ್ದಿಗೆ ದುಡ್ಡು ಕೊಡುವುದು ಯಾಕೆ ಅನ್ನುವುದರ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಕಿಸೋಣ ಅಂದವನು ಮಗ. ಹಾಕಿಸುವುದೇನು, ನಾವೇ ಹಾಕೋಣ ಅಂದವನು ನಾನು. ಅಂಗಡಿಯವನು ಕೂಲಿ ಎಷ್ಟು ಅಂತ ಹೇಳಿದ ಮೇಲೆ ಹುಟ್ಟಿದ ಸ್ವಾವಲಂಬನೆ ಅದು. ಹತ್ತೊಂಬತ್ತರ ಮಗ ನನ್ನ ಪಕ್ಕ ಮಲಗಿ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಅರಿಜೋನಾದವನ ವಿಡಿಯೊ ಹಿಡಿದಿದ್ದ. ಟಾರ್ಚಿನ ಬೆಳಕು ಹೆಚ್ಚಾಗಿ ನನ್ನ ಕಣ್ಣಿಗೇ ಬೀಳುತ್ತಿತ್ತು. ಕನ್ನಡಕದ ಮೇಲೊಂದು ಗಾಗಲ್ಸು, ಗಾಗಲ್ಸಿನ ಮೇಲೆ ಉದುರುವ ತುಕ್ಕು. ನಟ್ಟಿನ ಮೂಲೆಗಳೆಲ್ಲ ಸವೆದು ಅದು ಗುಂಡಗೆ ಜಾಮೂನಿನಂತಾಗಿತ್ತು. ಹದಿನೈದರ ಸ್ಪ್ಯಾನರು ಜಾರುತ್ತದೆ, ಹದಿನಾಲ್ಕರದು ಕೂರುವುದಿಲ್ಲ.

ಅಷ್ಟರಲ್ಲಿ ಎದುರುಮನೆಯಾತ ನಾಯಿ ಹಿಡಿದುಕೊಂಡು ಬಂದು, ಬಗ್ಗಿ ನೋಡಿ, ಕ್ಯಾಟಲಿಟಿಕ್ ಕನ್ವರ್ಟರನ್ನೂ ಜೊತೆಗೇ ಕತ್ತರಿಸಿಬಿಟ್ಟರೆ ಸದ್ದು ಇನ್ನೂ ಚೆನ್ನಾಗಿರುತ್ತದೆ ಅಂತ ಉಪದೇಶ ಮಾಡಿದ. ಅದು 1975ರ ಮಾಡಲ್‌ಗಳಿಂದ ಈ ದೇಶದ ಕಾರುಗಳಿಗೆ ಬಂದ ಸಾಮಾನು. ಹೊಗೆಯ ವಿಷ ಕಡಿಮೆ ಮಾಡುತ್ತದೆ, ಬಿಚ್ಚಿ ಬಿಸಾಕುವುದು ಕಾನೂನಿಗೆ ವಿರುದ್ಧ. ನಾವು ಕೈ ಹಾಕಿದ್ದು ಅದರ ಹಿಂದಿನ ಪೈಪಿಗೆ ಮಾತ್ರ. ಕನ್ವರ್ಟರಿನೊಳಗೆ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಲೇಪ ಇರುವುದರಿಂದ ಕಳ್ಳರು ರಾತ್ರಿ ಬಂದು ಎರಡು ನಿಮಿಷದಲ್ಲಿ ಕೊಯ್ದುಕೊಂಡು ಹೋಗುತ್ತಾರಂತೆ. ಎರಡು ನಿಮಿಷ! ಅದೂ ಕತ್ತಲಲ್ಲಿ, ಟಾರ್ಚ್ ಹಿಡಿಯಲು ಮಗನೂ ಇಲ್ಲದೆ. ಇಲ್ಲಿ ಅದರ ಹಿಂದಿನ ಒಂದು ನಟ್ಟಿಗೆ ನನಗೆ ಐದು ಗಂಟೆ. ಕಸುಬು ಅಂದರೆ ಕಸುಬು.

ಊಟ ಮಾಡಿ ಬಂದು ಗ್ಯಾಸ್ ಟಾರ್ಚ್ ಹಚ್ಚಿ ನಟ್ಟನ್ನು ಕಾಯಿಸಿದೆ. ಬೆಳಿಗ್ಗೆಯಿಂದ ಅದಕ್ಕೆ ಕುಡಿಸಿದ್ದ ಎಣ್ಣೆಯೆಲ್ಲ ಹೊತ್ತಿ ದಟ್ಟ ಹೊಗೆ ಎದ್ದಿತು. ಮಗ ಕೆಮ್ಮುತ್ತಾ ಹೊರಗೆ ಉರುಳಿದ. ನಾನು ಅಲ್ಲೇ ಮಲಗಿದ್ದೆ. ಆ ವಾಸನೆ ನನಗೆ ಗೊತ್ತಿತ್ತು. ಅದು ನರಕಚತುರ್ದಶಿಯ ವಾಸನೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪನ ಹತ್ತಿರ ಒಂದು ಜಾವಾ ಇತ್ತು. ಮೈಸೂರಿನಲ್ಲಿ ಯಾರ ಹತ್ತಿರ ಇರಲಿಲ್ಲ? ಯಾದವಗಿರಿಯಲ್ಲಿ ಕಾರ್ಖಾನೆ, ಸರಸ್ವತಿಪುರದಲ್ಲಿ ನಮ್ಮ ಮನೆ. ಒದ್ದು ಸ್ಟಾರ್ಟ್ ಮಾಡುವ ಕಡ್ಡಿಯೇ ಮುಂದಕ್ಕೆ ಮಡಚಿದರೆ ಗೇರು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್, ಎಡಕ್ಕೊಂದು ಬಲಕ್ಕೊಂದು. ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಿ ಹಾಕಬೇಕಾದ ಟೂ ಸ್ಟ್ರೋಕ್ ಗಾಡಿ. ಅರ್ಧಂಬರ್ಧ ಉರಿದ ಆಯಿಲ್ಲು ಸೈಲೆನ್ಸರಿನೊಳಗೆ ಕೂತು ಕಪ್ಪು ಮಡ್ಡಿ ಕಟ್ಟುತ್ತದೆ. ಆಗ ಗಾಡಿ ಚಾಮುಂಡಿ ಬೆಟ್ಟದ ಅರ್ಧಕ್ಕೆ ಏದುಸಿರು ಬಿಡುತ್ತದೆ. ಮದ್ದು ಒಂದೇ: ಸೈಲೆನ್ಸರಿನ ಬಾಲದಿಂದ ಒಳಗಿನ ತೂತಿನ ಕೊಳವೆಯನ್ನು, ಮೆಕ್ಯಾನಿಕ್ಕುಗಳು ಬ್ಯಾಫಲ್ ಅನ್ನುವುದನ್ನು, ಹೊರಗೆಳೆದು ಬೆಂಕಿಯಲ್ಲಿ ಸುಟ್ಟು, ಮಡ್ಡಿ ಉದುರಿಸಿ ಮತ್ತೆ ತುರುಕುವುದು. ಅಪ್ಪ ಇದನ್ನು ಹಿತ್ತಲಿನಲ್ಲಿ ತೆಂಗಿನ ಮಟ್ಟೆ ಹಾಕಿ ಮಾಡುತ್ತಿದ್ದರು. ಆ ವರ್ಷ ಹಬ್ಬದ ಮುನ್ನಾದಿನ ಮಳೆ. ಮಟ್ಟೆ, ಕರಟ ಎಲ್ಲಾ ಒದ್ದೆ. ಮನೆಯಲ್ಲಿ ಧಗಧಗ ಉರಿಯಲಿರುವ ಬೆಂಕಿ ಒಂದೇ, ಬಚ್ಚಲುಮನೆಯ ಹಂಡೆಯ ಒಲೆ.

ನೀರು ತುಂಬುವ ಹಬ್ಬ ಕಂಡವರಿಗೆ ಆ ಹಂಡೆಯ ಮರ್ಯಾದೆ ಎಂಥದು ಅಂತ ಗೊತ್ತಿರುತ್ತದೆ. ಅಜ್ಜಿ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿತು. ನಾಲ್ಕೂಕಾಲಿಗೆ, ಅಜ್ಜಿ ದೇವರಮನೆಗೆ ಹೋದ ಸಮಯ ನೋಡಿ, ಅಪ್ಪ ಎರಡೂ ಬ್ಯಾಫಲ್ಲುಗಳನ್ನು ಸೌದೆಯ ನಡುವೆ ತುರುಕಿದರು.

ಮೊದಲು ವಾಸನೆ ಬಂತು. ಆಮೇಲೆ ಹೊಗೆ. ಬಚ್ಚಲುಮನೆಯಿಂದ ನಡುಮನೆಗೆ, ನಡುಮನೆಯಿಂದ ದೇವರಮನೆಗೆ. ಎಣ್ಣೆ ಒತ್ತಿಸಿಕೊಂಡು ಸಾಲಾಗಿ ಕೂತಿದ್ದ ನಾವು ಮೂರು ಮಕ್ಕಳು ಮೂಗು ಮುಚ್ಚಿಕೊಂಡು ಬೀದಿಗೆ ಓಡಿದೆವು. ಅಜ್ಜಿ ಕೈಯಲ್ಲಿ ಆರತಿ ತಟ್ಟೆ ಹಿಡಿದೇ ಬಚ್ಚಲಿಗೆ ಬಂದರು. ಒಲೆಯೊಳಗೆ ಕೆಂಪಗೆ ಕಾದಿದ್ದ ಎರಡು ಕೊಳವೆಗಳನ್ನು ನೋಡಿದರು, ಇಕ್ಕಳ ಹಿಡಿದು ನಿಂತ ಮಗನನ್ನು ನೋಡಿದರು. "ಗಂಗೆ ಪೂಜೆ ಮಾಡಿದ ಹಂಡೆ ಕಣೋ ಅದು," ಅಂದರು. ಅಷ್ಟೇ. ಅಜ್ಜಿ ಬೈದರೆ ಭಯವಿರಲಿಲ್ಲ, ಒಂದೇ ವಾಕ್ಯಕ್ಕೆ ನಿಲ್ಲಿಸಿದರೆ ಇತ್ತು. ಆ ದಿನ ನಾವೆಲ್ಲ ಮಿಂದೆವು. ಸೀಗೆಪುಡಿ, ಚಿಗರೆಪುಡಿ ಎಷ್ಟು ಉಜ್ಜಿದರೂ ಹೊಸ ಬಟ್ಟೆ ತೊಟ್ಟ ಇಡೀ ಸಂಸಾರ ಸಂಜೆಯವರೆಗೆ ಪೆಟ್ರೋಲ್ ಬಂಕಿನ ಹಾಗೆ ಘಮಘಮಿಸುತ್ತಿತ್ತು.

ಕತೆ ಇಲ್ಲಿಗೇ ಮುಗಿಯುವುದಿಲ್ಲ. ಆರಲಿ ಅಂತ ಹಿತ್ತಲ ಕಲ್ಲಿನ ಮೇಲಿಟ್ಟಿದ್ದ ಬ್ಯಾಫಲ್ಲುಗಳಲ್ಲಿ ಒಂದು ಮಾರನೇ ದಿನ ಇರಲಿಲ್ಲ. ಅಪ್ಪ ಬೂದಿಗುಂಡಿ ಕೆದಕಿದರು, ಬಾವಿಗೆ ಬಗ್ಗಿ ನೋಡಿದರು, ನಮ್ಮನ್ನು ಒಬ್ಬೊಬ್ಬರನ್ನಾಗಿ ವಿಚಾರಣೆಗೆ ಕರೆದರು. ಸಿಗಲಿಲ್ಲ. ಆಫೀಸಿಗೆ ಹೋಗದೆ ಆಗುತ್ತದೆಯೇ? ಇದ್ದ ಒಂದನ್ನೇ ಎಡಕ್ಕೆ ತುರುಕಿ ಹೊರಟರು. ಮೂರು ವಾರ ನಮ್ಮ ಜಾವಾ ಎಡಗಡೆ ಸಂಭಾವಿತ, ಬಲಗಡೆ ಪುಂಡ. ಎಡಗಡೆ ನಿಂತವರಿಗೆ ಪೊಟಪೊಟ, ಬಲಗಡೆಯವರಿಗೆ ಪಟಾಕಿ ಸರ. ದೀಪಾವಳಿ ಮುಗಿದು ಮೂರು ವಾರವಾದರೂ ಯಾರ ಮನೆಯಲ್ಲಿ ಇನ್ನೂ ಪಟಾಕಿ ಉಳಿದಿದೆ ಅಂತ ಬೀದಿಯ ಹುಡುಗರು ಹುಡುಕಿಕೊಂಡು ಬಂದರು.

ಆ ಮೂರು ವಾರ ನಮ್ಮ ಪಾಲಿಗೆ ಸುವರ್ಣಯುಗ. ಮೊದಲೆಲ್ಲ ಅಪ್ಪನ ಗಾಡಿಯ ಸದ್ದು ತಿರುವಿನಲ್ಲಿ ಕೇಳಿದಾಗ ಕೇರಂ ಬೋರ್ಡು ಮಂಚದಡಿಗೆ ಸೇರಲು ಅರ್ಧ ನಿಮಿಷ ಸಿಗುತ್ತಿತ್ತು. ಈಗ ಎರಡು ನಿಮಿಷ. ಅಮ್ಮ ಅಂತೂ ಸದ್ದು ಕೇಳಿದ ಕೂಡಲೇ ಕಾಫಿಗೆ ಹಾಲು ಇಡುತ್ತಿದ್ದಳು. ಅಪ್ಪ ಚಪ್ಪಲಿ ಬಿಡುವಷ್ಟರಲ್ಲಿ ಲೋಟ ತಯಾರು.

ಕೊನೆಗೆ ಅಪ್ಪ ಗುಜರಿ ಅಂಗಡಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ಒಂದು ಬ್ಯಾಫಲ್ ತಂದರು. ಮನೆಗೆ ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮದೇ," ಅಂದರು. ಬೆಂಕಿಯ ಕಲೆ ಗುರುತು ಸಿಗುತ್ತದಂತೆ. ನಾವು ನಂಬಲಿಲ್ಲ. ಅಜ್ಜಿ ಏನೂ ಹೇಳದೆ ಸಾರು ಬಡಿಸಿದರು. ಬಡಿಸಿದ್ದು ಹೊಸ ಸೌಟಿನಲ್ಲಿ. "ಹಳೇ ಕಬ್ಣಾ, ಖಾಲಿ ಸೀಸಾ" ಅಂತ ಕೂಗಿಕೊಂಡು ಬರುತ್ತಿದ್ದವನು ಸೌಟು, ಜರಡಿಗಳನ್ನೂ ಇಟ್ಟುಕೊಂಡಿರುತ್ತಿದ್ದ. ಅಪ್ಪ ಸೌಟನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಅನ್ನ ಕಲಸಿಕೊಂಡರು.

ಎಲ್ಲಿದ್ದೆ? ಹಾಂ, ನಟ್ಟು. ಅದು ಬಿಚ್ಚಲಿಲ್ಲ. ಕಾಯಿಸಿ ತಿರುಗಿಸಿದಾಗ ಬೋಲ್ಟೇ ಟಕ್ ಅಂತ ಮುರಿಯಿತು. ಐದು ಗಂಟೆ ಉಳಿಸಿಕೊಳ್ಳಲು ಹೆಣಗಿದ್ದನ್ನು ಮೊದಲೇ ಮುರಿದಿದ್ದರೆ ಊಟ ಬಿಸಿಯಾಗಿಯಾದರೂ ಸಿಗುತ್ತಿತ್ತು. ಉಳಿದದ್ದನ್ನು ಹೇಳುವುದಕ್ಕೇನಿಲ್ಲ. ಸ್ಟೆಪ್ನಿ ಕೆಳಗಿಳಿಸಿ ಜಾಗ ಮಾಡಿಕೊಂಡು, ಆಕ್ಸೆಲಿನ ಮೇಲೆ ಹಾದು ಹೋಗುವ ಹಳೇ ಪೈಪನ್ನು ಪವರ್ ಗರಗಸದಲ್ಲಿ ಎರಡು ತುಂಡು ಮಾಡಿದೆವು. ಪೈಪು ನೇತುಹಾಕುವ ರಬ್ಬರುಗಳಿಗೆ ಪಾತ್ರೆ ತೊಳೆಯುವ ಸೋಪು ಸವರಿ ಜಾರಿಸಿದೆವು. ಕ್ಲ್ಯಾಂಪುಗಳನ್ನು ಎಲ್ಲ ಜೋಡಣೆ ಮುಗಿಯುವವರೆಗೆ ಪೂರ್ತಿ ಬಿಗಿಯಬಾರದು ಅಂತ ಹಾಳೆಯಲ್ಲಿ ಬರೆದಿತ್ತು. ಬಿಗಿದ ಮೇಲೆ ಓದಿದೆವು. ಮತ್ತೆ ಸಡಿಲಿಸಿ, ಮತ್ತೆ ಜೋಡಿಸಿ, ಮುಗಿಯುವಾಗ ರಾತ್ರಿ ಎಂಟು. ಹಳೇ ಮಫ್ಲರನ್ನು ಕಸದ ಗಾಡಿಯವರು ಒಯ್ಯಲಿಲ್ಲ. ಅದು ಇನ್ನೂ ಗರಾಜಿನ ಮೂಲೆಯಲ್ಲಿ ಹೆಬ್ಬಾವಿನ ಹಾಗೆ ಬಿದ್ದಿದೆ. ಇಲ್ಲಿ ಸೌಟು ಕೊಡುವವರು ಯಾರೂ ಬರುವುದಿಲ್ಲ.

ಸದ್ದು ಹೇಗಿದೆ? ಸ್ಟಾರ್ಟ್ ಮಾಡಿದಾಗ ಗಂಭೀರವಾಗಿ ಗುಡುಗುತ್ತದೆ, ಎದೆಗೆ ತಾಗುತ್ತದೆ, ಮಗನ ಮುಖ ಅರಳುತ್ತದೆ. ತಾಪತ್ರಯ ಇರುವುದು ಹೈವೇಯಲ್ಲಿ. ಎಪ್ಪತ್ತು ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1800 ಸುತ್ತು ತಿರುಗುತ್ತದೆ. ಎಂಟು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 120 ಸಲ. ಆ ಒಂದೇ ಹಂತದಲ್ಲಿ ಗಾಡಿಯ ಒಳಗೆಲ್ಲ ಗುಂಯ್ ಅಂತ ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ. ಸಂಗೀತ ಪಾಠ ಹೇಳುವ ನನ್ನ ಹೆಂಡತಿ ಮೊದಲ ದಿನವೇ ಕಣ್ಣು ಮುಚ್ಚಿ ಕೇಳಿ ಫೋನಿನ ಶ್ರುತಿಪೆಟ್ಟಿಗೆ ತೆಗೆದಳು. ಶ್ರುತಿಯ ಮಟ್ಟಗಳಿಗೆ ಸಂಗೀತದವರು ಮನೆ ಅನ್ನುತ್ತಾರೆ: ಆರೂವರೆ, ಏಳು, ಆಮೇಲೆ ಮತ್ತೆ ಒಂದು. "ಒಂದು ಮನೆಗಿಂತ ಸ್ವಲ್ಪ ಕೆಳಗಿದೆ ರೀ. ಏಳಕ್ಕೂ ಕೂರಲ್ಲ, ಆರೂವರೆಗೂ ಕೂರಲ್ಲ, ಎರಡರ ಮಧ್ಯೆ ನಿಂತಿದೆ. ಏಳುನೂರ ನಲವತ್ತು ಡಾಲರ್ ಕೊಟ್ಟು ಅಪಶ್ರುತಿ ತಂದ್ರಲ್ಲ," ಅಂದಳು. ಈಗ ಆ್ಯನ್ ಆರ್ಬರಿಗೆ ಕಛೇರಿ ಕೇಳಲು ಹೋಗುವಾಗ ನಾನು ಅರವತ್ತೆರಡಕ್ಕೆ ಇಳಿಸಿ ಓಡಿಸುತ್ತೇನೆ. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಾರೆ. ಅವರದು ಯಾವ ಶ್ರುತಿ ಅಂತ ಅವಳು ಅದನ್ನೂ ಹೇಳುತ್ತಾಳೆ.

ಜನ ಸದ್ದಿಗೆ ದುಡ್ಡು ಕೊಡುವುದು ಯಾಕೆ ಅಂತ ಹೇಳುತ್ತೇನೆ ಅಂದಿದ್ದೆ. ಗಾಡಿಯ ಕೆಳಗೆ ಮಲಗಿದ್ದಾಗ ಸಿದ್ಧಾಂತ ಸ್ಪಷ್ಟವಾಗಿಯೇ ಇತ್ತು. ಹೊಗೆಯ ಜೊತೆ ಹೋಯಿತೋ, ತುಕ್ಕಿನ ಜೊತೆ ಉದುರಿತೋ, ಈಗ ನೆನಪಾಗುತ್ತಿಲ್ಲ.

ಮಾರನೇ ಭಾನುವಾರ ಬೆಳಿಗ್ಗೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಸಂಜೆ, ತುಳಸಿಗೆ ದೀಪ ಹಚ್ಚಿ ಕೂತಿದ್ದಳು. "ಅಮ್ಮಾ, ಗಾಡಿಗೆ ಹೊಸ ಸೈಲೆನ್ಸರ್ ಹಾಕಿದೀನಿ, ಅಪ್ಪನ ಜಾವಾ ನೆನಪಾಗತ್ತೆ, ಕೇಳು," ಅಂತ ಹೇಳಿ ಫೋನನ್ನು ಪೈಪಿನ ಬಾಯಿಗೆ ಹಿಡಿದು ಮಗನಿಗೆ ಸನ್ನೆ ಮಾಡಿದೆ. ಅವನು ಆಕ್ಸಿಲರೇಟರ್ ಒತ್ತಿದ. ಪಕ್ಕದ ಮನೆಯ ಕಿಟಕಿ ಅದುರಿತು, ಎದುರುಮನೆಯ ನಾಯಿ ಬೊಗಳಿತು. ಫೋನಿಗೆ ಈಗ ಬುದ್ಧಿ ಬಂದುಬಿಟ್ಟಿದೆ. ಯಾವುದು ಮಾತು, ಯಾವುದು ಗಲಾಟೆ ಅಂತ ಅದೇ ತೀರ್ಮಾನ ಮಾಡಿ ಗಲಾಟೆಯನ್ನು ಸೋಸಿ ಎಸೆಯುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ.

"ಕೇಳ್ಸ್ತಾ ಅಮ್ಮಾ? ಹೇಗಿದೆ? ಕೇಳ್ಸ್ತಾ?" ಗಾಡಿಯ ಸದ್ದನ್ನು ಮೀರಿ ಗಂಟಲು ಹರಿಯುವಂತೆ ಕೂಗಿದೆ.

"ಯಾಕೋ ಹಾಗೆ ಕಿರುಚ್ಕೋತೀಯಾ?" ಅಂದಳು ಅಮ್ಮ. "ಸೈಲೆನ್ಸರ್ ಚೆನ್ನಾಗಿದೆ. ಗಾಡಿ ಸದ್ದೇ ಇಲ್ಲ, ನಿಂದೇ ಜಾಸ್ತಿ."