ಮೆಥೋಟ್ರೆಕ್ಸೇಟ್ ಮಾತ್ರೆ ನಿಲ್ಲಿಸಬೇಡಿ: ಒಂದು ಸ್ಪಷ್ಟನೆ

"ಕೀಲು ನೋವಿಗೆ ಕೊಡುವ ಮೆಥೋಟ್ರೆಕ್ಸೇಟ್ ಅಸಲಿಗೆ ಕ್ಯಾನ್ಸರ್ ಔಷಧಿ, ಕೂಡಲೇ ನಿಲ್ಲಿಸಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ನಿಜ. ಅದಕ್ಕೇ ಜನ ಬೇಗ ನಂಬುತ್ತಾರೆ.

ಕ್ಯಾನ್ಸರ್‌ಗೂ ಇದನ್ನು ಬಳಸುವುದು ಹೌದು. ಆದರೆ ಅಲ್ಲಿನ ಪ್ರಮಾಣವೇ ಬೇರೆ, ಕೆಲವು ಸಲ ಗ್ರಾಂ ಲೆಕ್ಕದಲ್ಲಿರುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಸಾಮಾನ್ಯವಾಗಿ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಈ ಕಾಯಿಲೆಯಲ್ಲಿ ನಮ್ಮ ರೋಗನಿರೋಧಕ ಶಕ್ತಿಯೇ ನಮ್ಮ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಮಾತ್ರೆ ಅದನ್ನು ತಣ್ಣಗಾಗಿಸುತ್ತದೆ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಸುಮ್ನೆ ನಿಲ್ಲಿಸಿದರೆ ಊತ ಮರಳುತ್ತದೆ. ಒಮ್ಮೆ ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ, ಅಲ್ವಾ?

ನಿಜವಾಗಿ ಹೆದರಬೇಕಾದ ವಿಷಯ ಆ ಸಂದೇಶದಲ್ಲಿ ಇಲ್ಲವೇ ಇಲ್ಲ. ಇದು ವಾರಕ್ಕೊಮ್ಮೆ ನುಂಗುವ ಮಾತ್ರೆ. ತಪ್ಪಿ ದಿನವೂ ನುಂಗಿದರೆ ಬಾಯಲ್ಲಿ ಹುಣ್ಣಾಗುತ್ತದೆ, ರಕ್ತಕಣ ಕುಸಿಯುತ್ತವೆ, ಜೀವವೇ ಹೋಗಬಹುದು. ಮನೆಯಲ್ಲಿ ಅಜ್ಜಿ ತಾತ ಇದನ್ನು ತೆಗೆದುಕೊಳ್ಳುತ್ತಿದ್ದರೆ ಮಾತ್ರೆ ನುಂಗುವ ದಿನದ ಹೆಸರನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ. ಜೊತೆಗೆ ಬರೆದುಕೊಡುವ ಫೋಲಿಕ್ ಆಸಿಡ್ ಬಿಡಬೇಡಿ, ಅದು ಅಡ್ಡ ಪರಿಣಾಮ ತಗ್ಗಿಸುತ್ತದೆ. ರಕ್ತ ಮತ್ತು ಲಿವರ್ ಪರೀಕ್ಷೆ ಆಗಾಗ ಆಗಲೇಬೇಕು. ಗರ್ಭಿಣಿಯರಿಗೆ ಮೆಥೋಟ್ರೆಕ್ಸೇಟ್ ಸಲ್ಲದು. ಮಗು ಬೇಕೆನ್ನುವವರು ಮೊದಲೇ ಡಾಕ್ಟರಿಗೆ ತಿಳಿಸಿ.

ಇನ್ನೊಂದು ಮಾತು. ಯೂರಿಕ್ ಆಸಿಡ್‌ನಿಂದ ಬರುವ ಕೀಲು ನೋವು, ಅಂದರೆ ಗೌಟ್, ಬೇರೆ ಕಾಯಿಲೆ. ಅದಕ್ಕೆ ಅಲೋಪ್ಯುರಿನಾಲ್‌ನಂಥ ಔಷಧಿ ಇದೆ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ.